ಓದುಗರ ಪ್ರಶ್ನೆ: ಮಳೆಗಾಲಕ್ಕೊಂದು ಜನರೇಟರ್

ತೆಂಗಿನ ಮಡಲು ತಂತಿಗೆ ಬಿದ್ದರೂ ಸಾಕು, ಅಡಿಕೆ ತೋಟದ ನಡುವಿನ ಮನೆಗಳಿಗೆ ಕರೆಂಟು ಮರಳಲು ಕೆಲವೊಮ್ಮೆ ಎರಡು ಮೂರು ದಿನ. ಕಾಸರಗೋಡಿನ ಒಳನಾಡಿನಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಜನರೇಟರಿನ ಬಗ್ಗೆಯೇ.

ಮನೆಯಲ್ಲಿ ಐದು ಜನ, ಎರಡು ಹಸು. 1 ಎಚ್.ಪಿ. ಸಿಂಗಲ್ ಫೇಸ್ ಕೊಳವೆಬಾವಿ ಪಂಪು, ಫ್ರಿಜ್ಜು, ಮಿಕ್ಸಿ, 150 ಎ.ಎಚ್. (ಆಂಪಿಯರ್-ಗಂಟೆ) ಬ್ಯಾಟರಿಯ ಇನ್ವರ್ಟರ್ ಇದೆ. ಅಂಗಡಿಯವರು 2 ಕೆ.ವಿ.ಎ. ಜನರೇಟರ್ ಧಾರಾಳ ಎನ್ನುತ್ತಾರೆ. ಸಾಕೇ? – ಬದಿಯಡ್ಕದಿಂದ

ಪಂಪು ಇಲ್ಲದಿದ್ದರೆ ಸಾಕಿತ್ತು. ಪಂಪಿಗೆ ಸಾಲದು.

1 ಎಚ್.ಪಿ. ಎಂದರೆ 746 ವ್ಯಾಟ್. ಆದರೆ ಅದು ಮೋಟಾರು ಹೊರಗೆ ಕೊಡುವ ಶಕ್ತಿ. ಅಷ್ಟು ಕೊಡಲು ಸಿಂಗಲ್ ಫೇಸ್ ಮೋಟಾರು ಒಳಗೆ 1,100ರಿಂದ 1,200 ವ್ಯಾಟ್ ಎಳೆಯುತ್ತದೆ. ಓಡುವಾಗ 6–7 ಆಂಪಿಯರ್. ಹೊರಡುವಾಗಿನ ಒಂದೆರಡು ಕ್ಷಣ ಇದರ ನಾಲ್ಕರಿಂದ ಆರು ಪಟ್ಟು, ಅಂದರೆ 30 ಆಂಪಿಯರ್ ಆಸುಪಾಸು ಬೇಕು. ಕೆ.ವಿ.ಎ. ಎಂದರೆ ಜನರೇಟರ್ ಕೊಡಬಲ್ಲ ಶಕ್ತಿಯ ಅಳತೆ; 2 ಕೆ.ವಿ.ಎ. ಯಂತ್ರ ಕೊಡುವುದು ಸುಮಾರು 9 ಆಂಪಿಯರ್. ಆಗ ವೋಲ್ಟೇಜು ಕುಸಿಯುತ್ತದೆ, ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಹಾಗೆಯೇ ಬಿಟ್ಟರೆ ಮೊದಲು ಪ್ಯಾನೆಲಿನ ಸ್ಟಾರ್ಟಿಂಗ್ ಕೆಪಾಸಿಟರ್, ಆಮೇಲೆ ಇನ್ನೂರು ಮುನ್ನೂರು ಅಡಿ ಆಳದಲ್ಲಿರುವ ಮೋಟಾರಿನ ವೈಂಡಿಂಗ್ ಹೋಗುತ್ತದೆ. ನಿಮಗೆ ಕನಿಷ್ಠ 4 ಕೆ.ವಿ.ಎ. ಬೇಕು, 5 ಆದರೆ ನಿಶ್ಚಿಂತೆ. ಕೊಳ್ಳುವಾಗ ಪಟ್ಟಿಯ ಮೇಲಿನ ‘ಮ್ಯಾಕ್ಸಿಮಮ್’ ಅಂಕಿಯನ್ನು ಬಿಟ್ಟು ‘ರೇಟೆಡ್’ ಅಂಕಿಯನ್ನು, ಅಂದರೆ ಯಂತ್ರ ಸತತವಾಗಿ ಕೊಡಬಲ್ಲದ್ದನ್ನು, ನೋಡಿ.

ಪಂಪಿಗೆ ಹೋಗುವ ವಯರು ಕೂಡ ಮುಖ್ಯ. ಮನೆಯಿಂದ ಪಂಪಿಗೆ 100 ಮೀಟರ್ ಇದ್ದು, ವಯರು 2.5 ಚದರ ಮಿ.ಮೀ. ತಾಮ್ರದ್ದಾದರೆ ಹೋಗಿ ಬರುವ ದಾರಿಯ ಪ್ರತಿರೋಧ ಸುಮಾರು ಒಂದೂವರೆ ಓಮ್. ಓಡುವಾಗ 10 ವೋಲ್ಟ್ ನಷ್ಟ, ಅದು ದೊಡ್ಡದಲ್ಲ. ಹೊರಡುವಾಗ ಮಾತ್ರ 40 ವೋಲ್ಟಿಗೂ ಮೀರಿ ದಾರಿಯಲ್ಲೇ ಕಳೆದುಹೋಗುತ್ತದೆ. ಕೆ.ಎಸ್.ಇ.ಬಿ. (ಕೇರಳದ ವಿದ್ಯುತ್ ಮಂಡಳಿ) ಲೈನಿನಲ್ಲಿ ಹೇಗೋ ಎದ್ದುಕೊಳ್ಳುವ ಪಂಪು ಜನರೇಟರಿನಲ್ಲಿ ಏಳದಿರಲು ಇದೂ ಒಂದು ಕಾರಣ. 4 ಚದರ ಮಿ.ಮೀ. ವಯರು ಹಾಕಿಸಿ.

ಇನ್ನು ಬಳಸುವ ಕ್ರಮ. ಜನರೇಟರನ್ನು ರಾತ್ರಿಯಿಡೀ ಲೈಟು ಉರಿಸಲು ಇಟ್ಟುಕೊಳ್ಳಬೇಡಿ. ಸಾಮಾನ್ಯ ಪೆಟ್ರೋಲ್ ಜನರೇಟರ್ ಲೋಡು ಇರಲಿ ಇಲ್ಲದಿರಲಿ ನಿಮಿಷಕ್ಕೆ ಸುಮಾರು 3,000 ಸುತ್ತು ಓಡಲೇಬೇಕು. ಎರಡು ಫ್ಯಾನು ನಾಲ್ಕು ಬಲ್ಬಿಗೂ 5 ಕೆ.ವಿ.ಎ. ಯಂತ್ರ ಗಂಟೆಗೆ ಲೀಟರಿನಷ್ಟು ಕುಡಿಯುತ್ತದೆ, ಹತ್ತು ಗಂಟೆಗೆ ಸಾವಿರ ರೂಪಾಯಿ ಮೀರುತ್ತದೆ. ಬದಲಿಗೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಓಡಿಸಿ, ಭಾರದ ಕೆಲಸವನ್ನೆಲ್ಲ ಆಗ ಮುಗಿಸಿಕೊಳ್ಳಿ: ಟ್ಯಾಂಕಿಗೆ ನೀರು, ಫ್ರಿಜ್ಜು, ದೋಸೆಗೆ ರುಬ್ಬುವುದು, ಬ್ಯಾಟರಿ ಚಾರ್ಜು. ಉಳಿದ ಹೊತ್ತು ಇನ್ವರ್ಟರ್ ನೋಡಿಕೊಳ್ಳಲಿ. ಫ್ರೀಜರಿನಲ್ಲಿ ನಾಲ್ಕು ಬಾಟಲಿ ನೀರು ಗಟ್ಟಿಯಾಗಿಟ್ಟರೆ, ಬಾಗಿಲು ಪದೇ ಪದೇ ತೆರೆಯದಿದ್ದರೆ ಹಾಲು ಕೆಡುವುದು ನಿಧಾನವಾಗುತ್ತದೆ.

ಆದರೆ ಮೂರು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆಂದು ತಿಳಿಯಬೇಡಿ. ಇನ್ವರ್ಟರ್ 15 ಆಂಪಿಯರಿನಂತೆ ಚಾರ್ಜು ಮಾಡಿದರೆ 45 ಎ.ಎಚ್. ಸೇರುತ್ತದೆ; 12 ವೋಲ್ಟಿನ ಬ್ಯಾಟರಿಯಲ್ಲಿ ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 400 ವ್ಯಾಟ್-ಗಂಟೆ. 75 ವ್ಯಾಟಿನ ಎರಡು ಹಳೇ ಫ್ಯಾನು, 9 ವ್ಯಾಟಿನ ಮೂರು ಬಲ್ಬಿಗೆ ಇದು ಎರಡು ಗಂಟೆ. ಅದೇ ಕಡಿಮೆ ಕರೆಂಟು ಎಳೆಯುವ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನು ಹಾಕಿದ್ದರೆ ನಾಲ್ಕು ಗಂಟೆ. ಜನರೇಟರಿಗೆ ಹಣ ಸುರಿಯುವ ಮೊದಲು ಮಲಗುವ ಕೋಣೆಯ ಎರಡು ಫ್ಯಾನು ಬದಲಿಸುವುದು ಬುದ್ಧಿವಂತಿಕೆ.

ಕ್ರಮ ತಪ್ಪಬಾರದು. ಇಂಜಿನ್ ಹಚ್ಚಿ ಎರಡು ಮೂರು ನಿಮಿಷ ಖಾಲಿ ಓಡಲಿ. ಮೊದಲು ಪಂಪು, ಅದು ಹದಕ್ಕೆ ಬಂದ ಮೇಲೆ ಫ್ರಿಜ್ಜು, ಆಮೇಲೆ ಇನ್ವರ್ಟರ್, ಕೊನೆಗೆ ಮಿಕ್ಸಿ. ನಿಲ್ಲಿಸುವಾಗ ಹಿಂದುಮುಂದಾಗಿ ಎಲ್ಲ ತೆಗೆದು, ಮತ್ತೆ ಎರಡು ನಿಮಿಷ ಖಾಲಿ ಓಡಿಸಿ ಆರಿಸಿ.

ಎರಡೂ ತುದಿಗೆ ಪಿನ್ ಇರುವ ಒಂದು ವಯರು ಮಾಡಿಸಿ ಜನರೇಟರಿನಿಂದ ಮನೆಯ 16 ಆಂಪಿಯರ್ ಪ್ಲಗ್ಗಿಗೆ ಕೊಟ್ಟರೆ ಇಡೀ ಮನೆಗೆ ಕರೆಂಟು ಬರುತ್ತದಂತೆ. ಮೇನ್ ಸ್ವಿಚ್ ಆಫ್ ಮಾಡಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಹೌದೇ? – ಮುಳ್ಳೇರಿಯಾದಿಂದ

ಆ ವಯರನ್ನು ಇಂದೇ ತುಂಡು ಮಾಡಿ ಬಿಸಾಡಿ. ಮೇನ್ ಸ್ವಿಚ್ ಆಫ್ ಮಾಡಲು ಒಂದು ದಿನ ಮರೆತರೂ ನಿಮ್ಮ 230 ವೋಲ್ಟ್ ಹೊರಗಿನ ಲೈನಿಗೆ ಹರಿದು ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಟ್ರಾನ್ಸ್‌ಫಾರ್ಮರ್ ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬವೇರಿದ ಲೈನ್‌ಮ್ಯಾನ್ ಕೈಗೆ ಸಾವಿರಾರು ವೋಲ್ಟ್ ಸಿಗಬಹುದು. ಅದಿಲ್ಲದಿದ್ದರೂ, ಪ್ಲಗ್ಗಿನಿಂದ ಕಳಚಿದ ಪಿನ್ನಿನಲ್ಲಿ ಜೀವಂತ ಕರೆಂಟು ಮಕ್ಕಳ ಕೈಗೆ ಎಟಕುವಂತೆ ನೇತಾಡುತ್ತಿರುತ್ತದೆ. ನಡುವೆ ಕೆ.ಎಸ್.ಇ.ಬಿ. ಕರೆಂಟು ಬಂದರೆ ಜನರೇಟರಿನ ಆಲ್ಟರ್ನೇಟರ್ ಸುಡುತ್ತದೆ.

ಬೇಕಾದದ್ದು ಚೇಂಜ್‌ಓವರ್ ಸ್ವಿಚ್, ಲೈನು ಮತ್ತು ಜನರೇಟರಿನ ನಡುವೆ ‘ಆಫ್’ ಜಾಗ ಇರುವಂಥದ್ದು. ಸಿಂಗಲ್ ಫೇಸ್ ಮನೆಗೆ ಡಬಲ್ ಪೋಲ್, ಅಂದರೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗಬೇಕು. ತ್ರೀ ಫೇಸ್ ಮನೆಗೆ ಫೋರ್ ಪೋಲ್. 32 ಅಥವಾ 63 ಆಂಪಿಯರ್, ನಿಮ್ಮ ಮೇನ್ ಸ್ವಿಚ್ಚಿನದಕ್ಕಿಂತ ಕಡಿಮೆಯಾಗದಂತೆ. ಅದು ಕೂರಬೇಕಾದದ್ದು ಮೀಟರು, ಮೇನ್ ಸ್ವಿಚ್ ಆದ ಮೇಲೆ, ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚಿಗಿಂತ ಮೊದಲು; ಆಗ ಎರಡೂ ಕರೆಂಟಿಗೆ ರಕ್ಷಣೆ ಸಿಗುತ್ತದೆ. ತ್ರೀ ಫೇಸ್ ಮನೆಗೆ ಸಿಂಗಲ್ ಫೇಸ್ ಜನರೇಟರ್ ಕೊಡುವುದಾದರೆ ಚೇಂಜ್‌ಓವರಿನ ಜನರೇಟರ್ ಬದಿಯ ಮೂರು ಫೇಸ್ ಟರ್ಮಿನಲ್‌ಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಅದು ಸರಿಯೇ, ಆದರೆ ತೋಟದ ತ್ರೀ ಫೇಸ್ ಮೋಟಾರಿನ ಎಂ.ಸಿ.ಬಿ. ಸ್ವಿಚ್ಚನ್ನು ಮೊದಲೇ ಇಳಿಸಿರಬೇಕು. ಲೈಸೆನ್ಸ್ ಇರುವ ವಯರ್‌ಮ್ಯಾನ್‌ನಿಂದಲೇ ಮಾಡಿಸಿ, ಕೆ.ಎಸ್.ಇ.ಬಿ. ಸೆಕ್ಷನ್ ಆಫೀಸಿಗೂ ತಿಳಿಸಿ.

ಜನರೇಟರ್ ಓಡುವಾಗ ಟೆಸ್ಟರ್ ಪ್ಲಗ್ಗಿನ ಎರಡೂ ತೂತಿನಲ್ಲಿ ಉರಿಯುತ್ತದೆ. ವಯರಿಂಗ್ ತಪ್ಪಿದೆಯೇ? – ಪೆರ್ಲದಿಂದ

ತಪ್ಪಿಲ್ಲ, ಆದರೆ ಒಂದು ಕೊಂಡಿ ಇಲ್ಲ. ಕೆ.ಎಸ್.ಇ.ಬಿ.ಯ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನಲ್ಲಿ ಭೂಮಿಗೆ ಸೇರಿರುತ್ತದೆ. ಚಿಕ್ಕ ಜನರೇಟರುಗಳಲ್ಲಿ ಹೆಚ್ಚಿನವುಗಳ ವೈಂಡಿಂಗ್ ಭೂಮಿಗೆ ಸೇರಿಯೇ ಇರುವುದಿಲ್ಲ, ತೇಲುತ್ತಿರುತ್ತದೆ. ಆದ್ದರಿಂದ ಎರಡು ತಂತಿಯಲ್ಲೂ ಭೂಮಿಗೆ ಹೋಲಿಸಿ ಸುಮಾರು ಅರ್ಧರ್ಧ ವೋಲ್ಟೇಜು ಕಾಣುತ್ತದೆ.

ತೊಂದರೆ ಟೆಸ್ಟರಿನದಲ್ಲ, ಆರ್.ಸಿ.ಸಿ.ಬಿ.ಯದು. ಸೋರಿದ ಕರೆಂಟು ಭೂಮಿಯ ಮೂಲಕ ಜನರೇಟರಿಗೆ ಮರಳಲು ದಾರಿಯೇ ಇಲ್ಲದಿದ್ದರೆ ಅದು ಬೀಳುವುದಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಲ್ಲ ಎಂದು ಸಮಾಧಾನಪಡಬೇಡಿ. ಆ ಬಟನ್ ಒಳಗಿಂದೊಳಗೇ ಪರೀಕ್ಷಿಸುತ್ತದೆ, ಅರ್ಥಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಜನರೇಟರಿನ ನ್ಯೂಟ್ರಲನ್ನು ಅದರ ಟರ್ಮಿನಲ್ಲಿನಲ್ಲೇ ಬಾಡಿಗೂ ಅರ್ಥಿಗೂ ಜೋಡಿಸಬೇಕು, ಆರ್.ಸಿ.ಸಿ.ಬಿ.ಗಿಂತ ಮೊದಲು. ಇದಕ್ಕೆ ಡಬಲ್ ಪೋಲ್ ಚೇಂಜ್‌ಓವರ್ ಇರಲೇಬೇಕು. ಯಂತ್ರದ ಪುಸ್ತಕ ಇದನ್ನು ಒಪ್ಪುತ್ತದೆಯೇ ಎಂದು ವಯರ್‌ಮ್ಯಾನ್ ನೋಡಿಕೊಳ್ಳಲಿ. ಮುರಕಲ್ಲಿನ ಗುಡ್ಡೆಯಲ್ಲಿ ಎರಡಡಿ ಸರಳು ಬಡಿದರೆ ಅದು ಅರ್ಥ್ ಅಲ್ಲ. 40 ಮಿ.ಮೀ. ಜಿ.ಐ. ಪೈಪು, ಎರಡೂವರೆ ಮೀಟರ್ ಆಳ, ಬಚ್ಚಲ ನೀರು ಹರಿಯುವ ಕಡೆ ಸಿಕ್ಕಿದರೆ ಇನ್ನೂ ಒಳ್ಳೆಯದು.

ಕಳೆದ ಮಳೆಗಾಲದಲ್ಲಿ ಚೆನ್ನಾಗಿ ಓಡಿದ ಪೆಟ್ರೋಲ್ ಜನರೇಟರ್ ಈಗ ಹಗ್ಗ ಎಳೆದು ಕೈ ಸೋತರೂ ಹತ್ತುತ್ತಿಲ್ಲ. – ಕುಂಬಳೆಯಿಂದ

ಮೊದಲು ಎಣ್ಣೆಯ ಮಟ್ಟ ನೋಡಿ. ಹೆಚ್ಚಿನ ಯಂತ್ರಗಳಲ್ಲಿ ಎಣ್ಣೆ ಕಡಿಮೆಯಾದರೆ ಕಿಡಿಯೇ ಬರದಂತೆ ತಡೆಯುವ ಸ್ವಿಚ್ ಇದೆ. ಅಂಗಳದ ಇಳಿಜಾರಿನಲ್ಲಿ ಇಟ್ಟಿದ್ದರೂ ಅದು ಮೋಸಹೋಗುತ್ತದೆ. ಸಮತಟ್ಟಾಗಿಟ್ಟು ಎಣ್ಣೆ ಕುತ್ತಿಗೆಯವರೆಗೆ ತುಂಬಿಸಿ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ನಾಲ್ಕೈದು ಬಾರಿ ಎಳೆದ ಮೇಲೂ ತುದಿ ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯ ದೋಷವಿರಬಹುದು: ಒರೆಸಿ, ಸಂದು 0.7–0.8 ಮಿ.ಮೀ. ಇಟ್ಟು ಮತ್ತೆ ನೋಡಿ, ಇಲ್ಲವೇ ಹೊಸತು ಹಾಕಿ.

ನಿಮ್ಮದು ಬಹುತೇಕ ಒಣಗಿದ ಪ್ಲಗ್ಗೇ ಆಗಿರುತ್ತದೆ. ಕಳೆದ ವರ್ಷದ ಪೆಟ್ರೋಲು ಕಾರ್ಬೊರೇಟರಿನಲ್ಲಿ ನಿಂತು ಮೇಣವಾಗಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನೀರು ಮಿತಿಮೀರಿದರೆ ಎಥನಾಲಿನ ಸಮೇತ ಬೇರೆಯಾಗಿ ತಳಕ್ಕಿಳಿಯುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಇದು ಬೇಗ. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನ ತಳದ ಬೋಲ್ಟ್ ಸಡಿಲಿಸಿ ಗಾಜಿನ ಲೋಟಕ್ಕೆ ಇಳಿಸಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕಿನದನ್ನೂ ಚೆಲ್ಲಬೇಕು. ಬಟ್ಟಲು ಕಳಚಿ, ನಡುವಿನ ಹಿತ್ತಾಳೆಯ ಮೇನ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಕಾಣಬೇಕು. ಕಟ್ಟಿದ್ದರೆ ವಯರಿನ ಒಂದೇ ಎಳೆ ತಾಮ್ರದ ತಂತಿಯಿಂದ ಬಿಡಿಸಿ. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಯಂತ್ರ ಹೊಗೆ ಉಗುಳುತ್ತದೆ. ಕಾಕ್‌ನ ಕೆಳಗಿನ ಜಾಲರಿಯನ್ನೂ ತೊಳೆಯಿರಿ. ಸೈಲೆನ್ಸರಿನ ಬಾಯಲ್ಲಿ ಹುಳ ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ಇಣುಕಿ.

ಮುಂದಕ್ಕೆ: ಕೆಲಸ ಮುಗಿದಾಗ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ, ಲೋಡು ಕೊಟ್ಟು ಓಡಿಸಿ. ಹೊಸ ಯಂತ್ರದ ಎಣ್ಣೆ ಮೊದಲ 20 ಗಂಟೆಗೆ, ಅಲ್ಲಿಂದ 100 ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ, ಬದಲಿಸಿ. 2–3 ಕೆ.ವಿ.ಎ.ಗೆ 600 ಮಿ.ಲೀ., 5 ಕೆ.ವಿ.ಎ.ಗೆ 1.1 ಲೀಟರ್ ಆಸುಪಾಸು ಹಿಡಿಯುತ್ತದೆ.

ಜನರೇಟರಿನಲ್ಲಿ ಲೈಟು ಉರಿಯುತ್ತದೆ, ಇನ್ವರ್ಟರ್ ಮಾತ್ರ ಚಾರ್ಜು ತೆಗೆದುಕೊಳ್ಳುವುದಿಲ್ಲ. – ಮಂಜೇಶ್ವರದಿಂದ

ಇನ್ವರ್ಟರಿನ ಹಿಂದೆ ‘ಯು.ಪಿ.ಎಸ್.’ ಎಂಬ ಸ್ವಿಚ್ ಇದ್ದರೆ ಅದನ್ನು ನಾರ್ಮಲ್ ಬದಿಗೆ ಹಾಕಿ. ಯು.ಪಿ.ಎಸ್. ಬದಿಯಲ್ಲಿ ಅದು ಸುಮಾರು 180ರಿಂದ 260 ವೋಲ್ಟಿನ ಹೊರಗಿದ್ದರೆ ಕರೆಂಟನ್ನು ಒಪ್ಪುವುದಿಲ್ಲ. ಆದರೂ ಆಗದಿದ್ದರೆ ವೇಗ ನೋಡಿಸಿ: ಲೋಡಿಲ್ಲದಾಗ 52 ಹರ್ಟ್ಸ್ (ಸೆಕೆಂಡಿಗೆ ಆವರ್ತನೆ) ಇರಬೇಕು, ಆಗ ಲೋಡು ಬಿದ್ದರೆ ಬೇಕಾದ 50ಕ್ಕೆ ಇಳಿಯುತ್ತದೆ. ಸದ್ದು ಕಡಿಮೆಯಾಗಲೆಂದು ಯಾರೋ ಥ್ರೋಟಲ್ (ಇಂಜಿನ್ ವೇಗದ ಹಿಡಿ) ಇಳಿಸಿಟ್ಟಿರುವುದು ಸಾಮಾನ್ಯ.

ಜಡಿಮಳೆಗೆ ಜನರೇಟರನ್ನು ಹೊರಗಿಡಲಾಗುವುದಿಲ್ಲ. ಹಿಂಬದಿಯ ಜಗಲಿಯಲ್ಲೋ ಹಟ್ಟಿಯಲ್ಲೋ ಇಡಬಹುದೇ? ಪೆಟ್ರೋಲು ಎಷ್ಟು ಕೂಡಿಡಬಹುದು? – ಎಣ್ಮಕಜೆಯಿಂದ

ಜಗಲಿಯೂ ಬೇಡ, ಹಟ್ಟಿಯೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಹಸುವಿಗೂ ಅದೇ ಗತಿ. ಮನೆಯಿಂದ ಆರು ಮೀಟರ್ ದೂರ, ಒಂದಡಿ ಎತ್ತರದ ಕಟ್ಟೆ, ಮೇಲೆ ಶೀಟು, ನಾಲ್ಕೂ ಬದಿ ತೆರೆದಿರಲಿ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಮನೆಯ ಮೂಡು ಬದಿಯೇ ಲೇಸು, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಹಾಕಿರಲಿ. ಎರಚಲು ತಡೆಯಲು ಶೀಟನ್ನು ಪಡುವಣಕ್ಕೆ ಉದ್ದಕ್ಕೆ ಇಳಿಬಿಡಿ.

1934ರ ಪೆಟ್ರೋಲಿಯಂ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಒಟ್ಟು 30 ಲೀಟರಿನವರೆಗೆ ಪೆಟ್ರೋಲು ಇಟ್ಟುಕೊಳ್ಳಬಹುದು, ಬಿಗಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಒಂದೊಂದೂ 25 ಲೀಟರ್ ಮೀರದಂತೆ. ಕೆಡುವ ಮಾಲಾದ್ದರಿಂದ ಹತ್ತು ಲೀಟರ್ ಇಟ್ಟುಕೊಂಡು, ಬಳಸದಿದ್ದರೆ ತಿಂಗಳಿಗೊಮ್ಮೆ ಸ್ಕೂಟರಿಗೆ ಹಾಕಿ ಹೊಸತು ತನ್ನಿ. ಓಡುತ್ತಿರುವ ಯಂತ್ರಕ್ಕೆ ಪೆಟ್ರೋಲು ಹೊಯ್ಯಬೇಡಿ. ಆರಿಸಿ ಹತ್ತು ಹದಿನೈದು ನಿಮಿಷ ತಣಿದ ಮೇಲಷ್ಟೇ ಮುಚ್ಚಳ ತೆಗೆಯಿರಿ.