ಭರತನಾಟ್ಯ ಕಲಿತ 7 ವರ್ಷದ ಮಗಳನ್ನು ಇಂಗ್ಲೆಂಡಿನಲ್ಲಿ ಬ್ಯಾಲೆ ತರಗತಿಗೆ ಸೇರಿಸಬಹುದೇ?

ಮೈಸೂರಿನಲ್ಲಿ ಎರಡು ವರ್ಷ ಭರತನಾಟ್ಯ ಕಲಿತ ನಿಮ್ಮ ಮಗಳು ಇಂಗ್ಲೆಂಡಿಗೆ ಬಂದ ಮೇಲೆ ಗೆಳತಿಯರ ಜೊತೆ ಬ್ಯಾಲೆಗೆ ಸೇರಬೇಕೆಂದು ಹಟ ಹಿಡಿದಿದ್ದಾಳೆ. ಈಗ ಸೇರಿಸಿದರೆ ತಡವಾಯಿತೇ, ಕಲಿತದ್ದು ಕೆಡುತ್ತದೆಯೇ, ಶಾಲೆಯನ್ನು ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಮಗಳು ಇದೇ ವಯಸ್ಸಿನಲ್ಲಿ ರೆಡಿಂಗ್‌ನ ಒಂದು ಸಣ್ಣ ನೃತ್ಯಶಾಲೆಗೆ ಸೇರಿ ಈಗ ಬ್ಯಾಲೆ ಕಲಿಕೆಯ ಐದನೆಯ ವರ್ಷದಲ್ಲಿದ್ದಾಳೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಖಂಡಿತ ತಡವಾಗಿಲ್ಲ. ಇಲ್ಲಿನ ಅನೇಕ ಸ್ಥಳೀಯ ಶಾಲೆಗಳು ಲಂಡನ್ನಿನಲ್ಲಿ 1920ರಲ್ಲಿ ಸ್ಥಾಪನೆಯಾದ ರಾಯಲ್ ಅಕಾಡೆಮಿ ಆಫ್ ಡಾನ್ಸ್ ಎಂಬ ನೃತ್ಯಶಿಕ್ಷಣ ಸಂಸ್ಥೆಯ ಪಠ್ಯಕ್ರಮವನ್ನು ಅನುಸರಿಸುತ್ತವೆ; ಅದರಲ್ಲಿ ಒಂದನೆಯ ಗ್ರೇಡಿನ ಪರೀಕ್ಷೆಗೆ ಕೂರಲು ಬೇಕಾದ ಕನಿಷ್ಠ ವಯಸ್ಸೇ 7 ವರ್ಷ.

ಕಲಿತದ್ದು ಕೆಡುತ್ತದೆಯೇ ಎಂಬ ಆತಂಕ ನನಗೂ ಇತ್ತು. ಭರತನಾಟ್ಯದಲ್ಲಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯಲ್ಲಿ ಮಂಡಿಗಳು ಹೊರಕ್ಕೆ ತೆರೆದುಕೊಳ್ಳುವಂತೆಯೇ ಬ್ಯಾಲೆಯಲ್ಲಿಯೂ ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಬೇಕಾದ್ದರಿಂದ, ಅವರು ಪ್ಲಿಯೆ ಎಂದು ಕರೆಯುವ ಮಂಡಿ ಬಾಗಿಸುವ ಅಭ್ಯಾಸ ನನ್ನ ಮಗಳಿಗೆ ಮೊದಲ ವಾರದಲ್ಲೇ ಒಲಿಯಿತು. ಕಷ್ಟವಾದದ್ದು ಪಾದದ ವಿಷಯ. ಭರತನಾಟ್ಯದ ಆರಂಭದ ಹೆಜ್ಜೆಯಾದ ತಟ್ಟಡವಿನಲ್ಲಿ ಇಡೀ ಅಂಗಾಲು ನೆಲಕ್ಕೆ ಬಿದ್ದು ಸದ್ದು ಕೇಳಿಸಬೇಕು. ಬ್ಯಾಲೆಯ ಜಿಗಿತದಲ್ಲಿ ಬೆರಳಿನಿಂದ ಹಿಮ್ಮಡಿಯವರೆಗೆ ಪಾದವನ್ನು ಸದ್ದಿಲ್ಲದೆ ಇಳಿಸಬೇಕು. ಅವಳು ಜಿಗಿದಾಗಲೆಲ್ಲ ಹಲಗೆಯ ನೆಲ ಧಡ್ ಎನ್ನುತ್ತಿತ್ತು, ಉಳಿದ ಮಕ್ಕಳು ತಿರುಗಿ ನೋಡುತ್ತಿದ್ದರು. ಆಗ ಅವರ ಟೀಚರ್ ಅವಳ ಪಕ್ಕದಲ್ಲಿ ಮಂಡಿಯೂರಿ ಕುಳಿತು, ತಮ್ಮ ಅಂಗೈಯನ್ನೇ ಪಾದದಂತೆ ನೆಲದ ಮೇಲೆ ಮೆಲ್ಲಗೆ ಇಳಿಸಿ ತೋರಿಸಿ, ಆಮೇಲೆ ನಿನ್ನ ಮೊದಲಿನ ನೃತ್ಯದ ಒಂದು ಹೆಜ್ಜೆಯನ್ನು ನಮಗೂ ಹೇಳಿಕೊಡುತ್ತೀಯಾ ಎಂದು ಕೇಳಿದರಂತೆ. ಅಂದು ಇಡೀ ತರಗತಿ ತಟ್ಟಡವು ಹಾಕಿತು. ಆ ದಿನದಿಂದ ಅವಳಿಗೆ ಅದು ಪರಕೀಯ ಜಾಗವಾಗಿ ಉಳಿಯಲಿಲ್ಲ.

ಆದ್ದರಿಂದ ಶಾಲೆಯನ್ನು ಆರಿಸುವಾಗ ಗೋಡೆಯ ಮೇಲಿನ ಪದಕ, ಪ್ರಮಾಣಪತ್ರಗಳಿಗಿಂತ ಮಗು ತಪ್ಪಿದಾಗ ಟೀಚರ್ ಏನು ಮಾಡುತ್ತಾರೆ ಎಂಬುದನ್ನು ನೋಡಿರಿ. ನಾವು ಮೊದಲು ಹೋಗಿದ್ದ ಬೇರೊಂದು ಕಡೆ, ಪರಿಚಯದ ದಿನವೇ ಮಕ್ಕಳ ಕಾಲನ್ನು ಕೈಯಿಂದ ಒತ್ತಿ ಅಗಲಿಸುತ್ತಿದ್ದುದನ್ನು ಕಂಡು ನಾನು ಮಗಳನ್ನು ಕರೆದುಕೊಂಡು ಹಿಂದಿರುಗಿದೆ. ಇನ್ನೂ ಬೆಳೆಯುತ್ತಿರುವ ಕೀಲುಗಳನ್ನು ಹಾಗೆ ಬಲವಂತ ಮಾಡಬಾರದು. ಬ್ರಿಟನ್ನಿನಲ್ಲಿ ನೃತ್ಯ ಕಲಿಸಲು ಕಾನೂನಿನ ಪ್ರಕಾರ ಯಾವ ಅರ್ಹತೆಯೂ ಕಡ್ಡಾಯವಲ್ಲವಾದ ಕಾರಣ, ಟೀಚರ್ ರಾಯಲ್ ಅಕಾಡೆಮಿಯಂತಹ ಯಾವುದಾದರೂ ಸಂಸ್ಥೆಯಲ್ಲಿ ನೋಂದಾಯಿತರೇ, ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ನಡೆಸುವ, ಅಪರಾಧದ ಹಿನ್ನೆಲೆ ಇದೆಯೇ ಎಂದು ನೋಡುವ ಡಿಬಿಎಸ್ ತಪಾಸಣೆ ಆಗಿದೆಯೇ ಎಂದು ನೀವೇ ಕೇಳಬೇಕು; ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಜಿಗಿತದ ಆಘಾತವನ್ನು ತಾಳಿಕೊಳ್ಳುವ ಮರದ ನೆಲ ಇದೆಯೇ ಎಂಬುದನ್ನೂ ಗಮನಿಸಿ. ಕಾಂಕ್ರೀಟಿನ ಮೇಲೆ ಹಾಸಿದ ಬರೀ ಟೈಲ್ಸ್ ನೆಲ ಸಾಲದು.

ಉಡುಪಿಗೆ ಆರಂಭದಲ್ಲಿ ಹೆಚ್ಚು ಖರ್ಚು ಮಾಡಬೇಡಿ. ಪರಿಚಯದ ತರಗತಿಗೆ ಮೈಗೊಪ್ಪುವ ಬನಿಯನ್, ಲೆಗಿಂಗ್ಸ್, ಎತ್ತಿ ಕಟ್ಟಿದ ತುರುಬು ಸಾಕು. ಬ್ಯಾಲೆಗೆ ತೊಡುವ, ಮೈಗೆ ಅಂಟುವ ಲಿಯೊಟಾರ್ಡ್ ಎಂಬ ಉಡುಪನ್ನು ಹಲವು ಶಾಲೆಗಳಲ್ಲಿ ಹಿರಿಯ ಮಕ್ಕಳಿಂದಲೇ ಕಡಿಮೆ ಬೆಲೆಗೆ ಕೊಳ್ಳಬಹುದು. ಬೂಟಿನ ವಿಷಯದಲ್ಲಿ ಮಾತ್ರ ನಮ್ಮ ಕಡೆಯ ರೂಢಿಯನ್ನು ಬಿಡಬೇಕಾಗುತ್ತದೆ. ಬೆಳೆಯುವ ಕಾಲು ಎಂದು ನಾನು ಒಂದು ಅಳತೆ ದೊಡ್ಡದನ್ನು ತಂದಿದ್ದೆ; ಅದು ಬೆರಳ ತುದಿಯಲ್ಲಿ ಮಡಚಿಕೊಂಡು ಅವಳು ಎಡವಿ ಬಿದ್ದಳು. ಬ್ಯಾಲೆಯ ಬೂಟು ಬೆರಳುಗಳನ್ನು ಮುದುಡಿಸದೆ ಪಾದಕ್ಕೆ ಕೈಗವಸಿನಂತೆ ಅಂಟಿಕೊಂಡಿರಬೇಕು. ಎಲಾಸ್ಟಿಕ್ ಪಟ್ಟಿಯನ್ನು ಎಷ್ಟೋ ಸಲ ಮನೆಯಲ್ಲೇ ಹೊಲಿಯಬೇಕಾಗುತ್ತದೆ, ಅದನ್ನು ಮಗುವಿನ ಕಾಲಿಗೆ ತೊಡಿಸಿ ಗುರುತು ಹಾಕಿಕೊಂಡೇ ಹೊಲಿಯಿರಿ. ಎಲ್ಲವೂ ತಿಳಿ ಗುಲಾಬಿ ಬಣ್ಣದಲ್ಲೇ ಇರಬೇಕೆಂಬ ಹಳೆಯ ಕಟ್ಟಳೆಯೂ ಈಗ ಸಡಿಲವಾಗಿದೆ. ಫ್ರೀಡ್ ಆಫ್ ಲಂಡನ್ ಎಂಬ ಬೂಟಿನ ಕಂಪನಿ, ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರ ಬ್ಯಾಲೆ ಬ್ಲ್ಯಾಕ್ ತಂಡದೊಂದಿಗೆ ಸೇರಿ 2018ರಲ್ಲಿ ಕಂದು ಮತ್ತು ಕಂಚಿನ ಬಣ್ಣದ, ಬೆರಳ ತುದಿಯಲ್ಲಿ ನಿಂತು ಕುಣಿಯಲು ತೊಡುವ ಪಾಯಿಂಟ್ ಬೂಟುಗಳನ್ನು ತಂದಿತು. ನಿಮ್ಮ ಮಗಳ ಮೈಬಣ್ಣಕ್ಕೆ ಹೊಂದುವ ಕಾಲುಚೀಲ ತೊಡಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಆ ಪ್ರಶ್ನೆಗೆ ಸಿಗುವ ಉತ್ತರದಿಂದಲೂ ಶಾಲೆಯ ಸ್ವಭಾವ ತಿಳಿಯುತ್ತದೆ.

ಹೇಗೂ ಅವಳು ಕೆಲವೇ ದಿನಗಳಲ್ಲಿ ಬೆರಳ ತುದಿಯಲ್ಲಿ ನಿಲ್ಲುವ ಬೂಟು ಯಾವಾಗ ಎಂದು ಕೇಳುತ್ತಾಳೆ. ಪಾದದ ಮೂಳೆ ಮತ್ತು ಕಣಕಾಲಿನ ಬಲ ಕೂಡಿಬರಲು ಸಾಮಾನ್ಯವಾಗಿ 11–12 ವರ್ಷವಾದರೂ ಆಗಬೇಕು, ಅದೂ ಹಲವು ವರ್ಷಗಳ ಅಭ್ಯಾಸದ ನಂತರ, ಟೀಚರ್ ಪಾದವನ್ನು ಪರೀಕ್ಷಿಸಿ ಒಪ್ಪಿದ ಮೇಲೆ.

ಭರತನಾಟ್ಯವನ್ನು ನಿಲ್ಲಿಸಬೇಡಿ. ಎರಡಕ್ಕೂ ಬೇರೆ ಬೇರೆ ದಿನಗಳನ್ನು ಇಟ್ಟುಕೊಳ್ಳಿ. ಬ್ಯಾಲೆ ತರಗತಿಯ ಕೊನೆಯಲ್ಲಿ ಮಕ್ಕಳು ಟೀಚರ್‌ಗೂ ಪಿಯಾನೋ ನುಡಿಸುವವರಿಗೂ ಬಾಗಿ ವಂದಿಸುತ್ತಾರೆ, ಅದಕ್ಕೆ ರೆವೆರಾನ್ಸ್ ಎನ್ನುತ್ತಾರೆ. ಮೊದಲ ದಿನ ಮನೆಗೆ ಬಂದ ನನ್ನ ಮಗಳು, ‘ಅಮ್ಮಾ, ಅವರಲ್ಲೂ ನಮಸ್ಕಾರ ಇದೆ’ ಎಂದಿದ್ದಳು.