ಜಪಾನಿನ ಕಾಮಾಕುರಾ ಪಟ್ಟಣದ ಪುಟ್ಟ ಕಲ್ಲುವಿಗ್ರಹಗಳ ಕೊರಳಿಗೆ ಕೆಂಪು ಬಟ್ಟೆ ಕಟ್ಟುವುದೇಕೆ?

ಅವು ಮಕ್ಕಳನ್ನು ಕಾಯುವ ಜಿಜೋ ಎಂಬ ಬೋಧಿಸತ್ವನ ವಿಗ್ರಹಗಳು. ಕೊರಳಲ್ಲಿರುವುದು ಎಳೆಗೂಸುಗಳಿಗೆ ಕಟ್ಟುವ ಜೊಲ್ಲುಬಟ್ಟೆ. ಮಗುವನ್ನು ಕಳೆದುಕೊಂಡವರು ಅದರ ಹೊಣೆಯನ್ನು ಜಿಜೋಗೆ ಒಪ್ಪಿಸಿ ಕಟ್ಟುತ್ತಾರೆ. ಮಗುವಿನ ಕಾಯಿಲೆ ವಾಸಿಯಾಗಲೆಂದು ಬೇಡಿಕೊಂಡು ಕಟ್ಟುವವರೂ ಇದ್ದಾರೆ. ಕೆಂಪು ಬಣ್ಣ ರೋಗವನ್ನೂ ಕೆಡುಕನ್ನೂ ದೂರವಿಡುತ್ತದೆ ಎಂಬುದು ಜಪಾನಿನ ಹಳೆಯ ನಂಬಿಕೆ.

ಇದರ ಹಿಂದಿರುವ ಕಥೆ ಕರುಳು ಹಿಂಡುವಂಥದ್ದು. ಹೆತ್ತವರಿಗಿಂತ ಮೊದಲೇ ಸತ್ತ ಮಕ್ಕಳು ಪರಲೋಕದ ನದಿಯನ್ನು ದಾಟಲಾರದೆ ದಡದಲ್ಲೇ ಉಳಿಯುತ್ತಾರಂತೆ. ಪುಣ್ಯ ಗಳಿಸಲು ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುತ್ತಾರೆ. ರಾಕ್ಷಸರು ಬಂದು ಕೆಡವುತ್ತಾರೆ. ಮತ್ತೆ ಮೊದಲಿನಿಂದ ಶುರು. ಆಗ ಜಿಜೋ ಬಂದು ಆ ಮಕ್ಕಳನ್ನು ತನ್ನ ನಿಲುವಂಗಿಯ ಮರೆಯಲ್ಲಿ ಬಚ್ಚಿಡುತ್ತಾನೆ. ವಿಗ್ರಹಗಳ ಬಳಿ ಭಕ್ತರು ಪುಟ್ಟ ಕಲ್ಲುಗಳನ್ನು ಪೇರಿಸಿಡುವುದೂ ಇದಕ್ಕೇ: ಅದು ಆ ಮಕ್ಕಳ ಕೆಲಸಕ್ಕೊಂದು ಕೈಜೋಡಣೆ. ಈ ನದಿದಡದ ಕಥೆ ಭಾರತದಿಂದ ಹೋದದ್ದಲ್ಲ, ಜಪಾನಿನ ಜನಪದದಲ್ಲಿ ಬೆಳೆದದ್ದು. ಜಿಜೋ ಮಾತ್ರ ಸಂಸ್ಕೃತದ ಬೌದ್ಧ ಗ್ರಂಥಗಳಲ್ಲಿ ಬರುವ ಕ್ಷಿತಿಗರ್ಭನೆಂಬ ಬೋಧಿಸತ್ವನೇ.

ಕಾಮಾಕುರಾದಲ್ಲಿ ಕಡಲಿಗೆ ಮುಖ ಮಾಡಿರುವ ಹಸೆದೇರಾ ದೇವಾಲಯದ ಮೆಟ್ಟಿಲ ಬದಿಯಲ್ಲಿ ಇಂಥ ಸಾವಿರಾರು ಪುಟ್ಟ ಜಿಜೋಗಳು ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಹೆಚ್ಚಿನವು ಗರ್ಭಪಾತವಾದ ಅಥವಾ ಸತ್ತು ಹುಟ್ಟಿದ ಶಿಶುಗಳ ಹೆಸರಿನಲ್ಲಿ ಇಟ್ಟವು. ಈ ವಿಧಿ ದೇಶದಾದ್ಯಂತ ಹರಡಿದ್ದು 1970ರ ದಶಕದಲ್ಲಿ. ಅದರಿಂದ ದೇವಾಲಯಗಳು ಹಣ ಮಾಡಿಕೊಳ್ಳುತ್ತವೆ ಎಂಬ ಟೀಕೆ ಜಪಾನಿನಲ್ಲೇ ಇದೆ; ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.