ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವ ಮೊದಲು

ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇಲ್ಲವೆಂದು ನಿಮ್ಮ ಲ್ಯಾಪ್‌ಟಾಪನ್ನು ವಿಂಡೋಸ್ 11 ಒಪ್ಪುತ್ತಿಲ್ಲ, ಗೆಳೆಯರು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಎಂದು ಬೆನ್ನುಹತ್ತಿದ್ದಾರೆ, ಇದು ಬರೀ ಅಭಿಮಾನಿಗಳ ಹಟವೇ ಎಂದು ಕೇಳಿದ್ದೀರಿ. ಹಟ ಇದೆ, ಅದಕ್ಕೆ ಕಾರಣವೂ ಇದೆ. 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. ಆ ಮಾತಿನ ಗಾಯ ಹಳಬರಲ್ಲಿ ಇನ್ನೂ ಮಾಸಿಲ್ಲ. ಅದೇ ಕಂಪನಿ 2016ರಲ್ಲಿ ಲಿನಕ್ಸ್ ಫೌಂಡೇಶನ್ ಸೇರಿತು, ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ವ್ಯವಸ್ಥೆಯನ್ನೂ ತಂದಿತು. ಆ ಜಗಳವನ್ನು ನೀವು ತಲೆಯ ಮೇಲೆ ಹೊರಬೇಕಾಗಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ನಡೆಯುವ ಯಂತ್ರವನ್ನು ಇನ್ಯಾರದೋ ವೇಳಾಪಟ್ಟಿಗಾಗಿ ಮೂಲೆಗೆ ಎಸೆಯುವುದನ್ನು ನಾನಂತೂ ಒಪ್ಪಲಾರೆ.

ಆದರೆ ಇಂದೇ ಡಿಸ್ಕ್ ಅಳಿಸಬೇಡಿ. ಲಿನಕ್ಸ್‌ನ ಜನಪ್ರಿಯ ರೂಪಗಳಾದ ಉಬುಂಟು ಅಥವಾ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ (ಶುರುಮಾಡಿ), ಇನ್‌ಸ್ಟಾಲ್ ಮಾಡದೆ ಬಳಸಿ ನೋಡಿ. ವೈಫೈ ಸಿಗುತ್ತದೆಯೇ? ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮತ್ತೆ ಬೆಳಗುತ್ತದೆಯೇ? ಈ ಎರಡನೆಯದನ್ನು ಪರೀಕ್ಷಿಸದೆ ಹಾಕಿಕೊಂಡು, ಪ್ರತಿ ಸಲವೂ ಪವರ್ ಬಟನ್ ಒತ್ತಿ ಹಿಡಿಯುತ್ತ ಎರಡು ವಾರ ಒದ್ದಾಡಿದ್ದೇನೆ. ಪ್ರಿಂಟರ್ ಇದ್ದರೆ ಒಂದು ಪುಟ ಮುದ್ರಿಸಿ.

ಫೋಟೋಶಾಪ್ ಅಥವಾ ಆಟೋಕ್ಯಾಡ್‌ನಿಂದಲೇ ನಿಮ್ಮ ಹೊಟ್ಟೆಪಾಡು ನಡೆಯುವುದಾದರೆ ವಿಂಡೋಸ್ ಬಿಡಬೇಡಿ. ಅವುಗಳ ಲಿನಕ್ಸ್ ಆವೃತ್ತಿ ಇಲ್ಲ. ಬದಲಿ ತಂತ್ರಾಂಶಗಳಿವೆ ಎಂದು ಯಾರು ಎಷ್ಟೇ ಹೇಳಲಿ, ಗ್ರಾಹಕರ ಕಡತ ತೆರೆದಾಗ ತೊಡಕು ಎದುರಾಗುವುದು ನಿಮಗೆ. ಬ್ರೌಸರ್, ಪತ್ರ ಬರೆಯುವುದು, ಲೆಕ್ಕದ ಹಾಳೆ ಇಷ್ಟೇ ಆದರೆ, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಧೈರ್ಯವಾಗಿ ಬದಲಿಸಿ.